ಇಸ್ತಾಂಬುಲ್ ಫೆರ್ರಿಯಲ್ಲಿ ಟವೆಲ್ ಹಾಕಿ ಹಿಡಿದ ಸೀಟು

ಮೂರು ಪಾಸ್‌ಪೋರ್ಟುಗಳಿದ್ದ ಬಟ್ಟೆಯ ಚೀಲವೊಂದು ಬೆಳಿಗ್ಗೆ ಹನ್ನೊಂದು ನಲವತ್ತಕ್ಕೆ ಇಸ್ತಾಂಬುಲ್‌ನ ಕರಾಕೋಯ್ ದಡದಿಂದ ಏಷ್ಯಾ ಖಂಡದ ಕಡೆಗೆ ಹೊರಟಿತು. ಅದರ ವಾರಸುದಾರರಾದ ನಾವು ಮೂವರೂ ಯುರೋಪಿನಲ್ಲಿ ಉಳಿದೆವು. ನಾವು ಏರಬೇಕಿದ್ದ ಪ್ರವಾಸಿ ಹಡಗು ಸಂಜೆ ನಾಲ್ಕಕ್ಕೆ ಹೊರಡಲಿತ್ತು. ಮೂರಕ್ಕೆ ಅದರ ಬಾಗಿಲು ಮುಚ್ಚುತ್ತಿತ್ತು. ಪಾಸ್‌ಪೋರ್ಟ್ ಇಲ್ಲದವರನ್ನು ಹತ್ತಿಸಿಕೊಳ್ಳುವುದಿಲ್ಲ ಎಂದು ಟಿಕೆಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿತ್ತು. ನಮ್ಮ ಪೆಟ್ಟಿಗೆಗಳು ಮಾತ್ರ ಬೆಳಿಗ್ಗೆಯೇ ಹಡಗು ಸೇರಿದ್ದವು.

ಮುಖ್ಯ ಸಂಗತಿಯನ್ನು ಮೊದಲು ಹೇಳಬೇಕೆಂಬುದು ಹುಬ್ಬಳ್ಳಿಯ ಸುದ್ದಿಮನೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ಕುಳಿತು ಕಲಿತದ್ದು. ಇನ್ನು ಉಳಿದದ್ದನ್ನು ಕ್ರಮವಾಗಿ ಹೇಳಬಹುದು.

ಹಾನಗಲ್

ಹಡಗು ಅಕ್ಕನ ಆಸೆ. ಅವಳು ಹಾನಗಲ್‌ನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಭೂಗೋಳ ಹೇಳಿದವಳು. ನಿವೃತ್ತಿಯಾದ ದಿನ ಅವಳ ಗಂಡ, ಅಂದರೆ ನಮ್ಮ ಮಾವ, ಏನು ಬೇಕೆಂದು ಕೇಳಿದರು. ಬಂಗಾರದ ಪಾಟ್ಲಿ ಬಳೆ ಕೇಳುತ್ತಾಳೆಂದು ಅವರು ಮೊದಲೇ ಅಂಗಡಿಯವನಿಗೆ ಹೇಳಿಟ್ಟಿದ್ದರು.

"ಹಡಗಿನ್ಯಾಗ ಒಂದ್ ವಾರ ಇರಬೇಕು ನಾ," ಎಂದಳು ಅಕ್ಕ.

"ಆನೀಕೆರ್ಯಾಗ ತೆಪ್ಪ ಬಿಡಸ್ತೇನಿ. ಸಾಕಲ್ಲ?"

"ನೀವ ಕುಂದ್ರ್ರಿ ತೆಪ್ಪದಾಗ. ನಾ ದಂಡಿಮ್ಯಾಲೆ ನಿಂತು ಕೈ ಮಾಡ್ತೇನಿ."

ಹುಬ್ಬಳ್ಳಿಯ ಏಜೆಂಟರು ಹೊಂದಿಸಿಕೊಟ್ಟ ಹಡಗು ಇಸ್ತಾಂಬುಲ್‌ನಿಂದ ಹೊರಡುವಂಥದ್ದು. ಒಂದು ದಿನ ಮೊದಲೇ ಅಲ್ಲಿರಬೇಕು. ಹಾಗಾಗಿ ಆ ನಗರವನ್ನು ನೋಡಲು ನಮಗೆ ಒಂದೂವರೆ ದಿನ ಸಿಗುತ್ತಿತ್ತು. ಆ ಒಂದೂವರೆ ದಿನದಲ್ಲಿ ಏನು ನೋಡಬೇಕು, ಏನು ಬಿಡಬೇಕು ಎಂಬ ಚರ್ಚೆ ನಾಲ್ಕು ಊರುಗಳಲ್ಲಿ ಎರಡು ತಿಂಗಳು ನಡೆಯಿತು.

ಅಕ್ಕ ಶಾಲೆಯ ಹಳೆಯ ಅಟ್ಲಾಸ್ ತೆಗೆದು ಬೆರಳಿಟ್ಟಳು. ಊರಿನ ನಡುವೆ ಕಡಲು ಹಾದುಹೋಗಿತ್ತು. ಈಚೆ ದಡ ಯುರೋಪು, ಆಚೆ ದಡ ಏಷ್ಯಾ. "ಮೂವತ್ತು ವರ್ಷ ಇಲ್ಲೇ ನೀಲಿ ಪೆನ್ಸಿಲ್ಲಿಂದ ಗೆರಿ ಹೊಡಸೇನಿ ಹುಡುಗರ ಕೈಲೆ. ಈ ಗೆರಿ ಒಮ್ಮಿ ದಾಟಬೇಕು," ಎಂದಳು. ಅವಳು ಕೇಳಿದ್ದು ಅದೊಂದನ್ನೇ.

ಶಿಗ್ಗಾಂವಿ

ಯೋಜನೆ ಬರೆದದ್ದು ನಾನು, ಶಿಗ್ಗಾಂವಿಯ ನನ್ನ ಮನೆಯಲ್ಲಿ. ಸುದ್ದಿ ಎಷ್ಟೇ ಬಂದರೂ ಪುಟ ದೊಡ್ಡದಾಗುವುದಿಲ್ಲ. ಒಂದು ಹಾಳೆಯಲ್ಲಿ ಎರಡು ಕಾಲಂ ಎಳೆದು, ಮೊದಲ ದಿನ ಮತ್ತು ಮರುದಿನ ಮಧ್ಯಾಹ್ನದವರೆಗೆ ಎಂದು ಬರೆದೆ. ಅದರಲ್ಲಿ ಹಿಡಿದದ್ದನ್ನು ಇಟ್ಟು ಹಿಡಿಯದ್ದನ್ನು ಹೊಡೆದುಹಾಕಿದೆ. ಹಳೆಯ ಅರಮನೆ ಹೋಯಿತು. ನೆಲದೊಳಗಿನ ನೀರಿನ ತೊಟ್ಟಿ ಹೋಯಿತು. ಕೊನೆಗೆ, ಹಡಗಿನ ದಿನ ಕಡಲು ದಾಟುವುದು ಅಪಾಯವೆಂದು ತೀರ್ಮಾನಿಸಿ, ಆಚೆ ದಡವನ್ನೂ ಹೊಡೆದೆ. ಅದರ ಬದಲು, ಊರಿನೊಳಗೆ ಚಾಚಿಕೊಂಡ ಕಡಲಿನ ತೋಳಿನಲ್ಲಿ ಒಂದು ಗಂಟೆಯ ಸುತ್ತು. ಅದು ಈಚೆ ದಡ ಬಿಡುವುದಿಲ್ಲ.

ಅಕ್ಕ ಹಾಳೆ ನೋಡಿ, ನಾನು ಹೊಡೆದ ಸಾಲಿನ ಮೇಲೆ ಬೆರಳಿಟ್ಟಳು.

"ನಾವು ಬರೂದ ಏಷ್ಯಾದಿಂದ ಅಕ್ಕಾ. ಅಷ್ಟ ದೂರ ಹೋಗಿ ಮತ್ತ ಏಷ್ಯಾ ಏನ ನೋಡೂದು?" ಎಂದೆ. ಮಾವ ಜೋರಾಗಿ ನಕ್ಕರು.

"ಇರೂದು ಬ್ಯಾರೆ, ದಾಟೂದು ಬ್ಯಾರೆ ಸುಮಾ," ಎಂದಳು ಅಕ್ಕ. ಆಮೇಲೆ ಆ ವಿಷಯ ಎತ್ತಲಿಲ್ಲ.

ಸವಣೂರು

ಸವಣೂರಿನ ಖಾಜಾಸಾಬರು ಇಸ್ತಾಂಬುಲ್‌ನಲ್ಲಿ ಎರಡು ವರ್ಷ ಕ್ರೇನ್ ನಡೆಸಿ ಬಂದವರು. ಅವರ ಮಗಳು ಅಕ್ಕನ ವಿದ್ಯಾರ್ಥಿನಿ. ಊರು ಎಷ್ಟು ದೊಡ್ಡದು ಎಂದು ಕೇಳಿದೆವು.

"ಅದು ಊರಲ್ಲ ಅಕ್ಕಾರ, ಜಿಲ್ಲಾ. ಸವಣೂರು, ಶಿಗ್ಗಾಂವಿ, ಹಾನಗಲ್ಲು, ಹಿರೇಕೆರೂರು ಕೂಡಸ್ರಿ. ನಡುವ ಒಂದ್ ಹೊಲ ಬಿಡಬ್ಯಾಡ್ರಿ. ಎಲ್ಲಾ ಮನಿ ಕಟ್ರಿ. ಹಂಗೈತಿ."

ಅವರು ಕೊಟ್ಟ ಸಲಹೆ ಒಂದೇ. "ಪಾಸ್‌ಪೋರ್ಟ್ ಮೂರ ಮಂದಿ ಕೈಯಾಗ ಬ್ಯಾಡ. ಒಂದ್ ಚೀಲ, ಒಬ್ಬರ ಕೈ. ಆ ಒಬ್ಬರು ಮಾತ್ರ ಜ್ವಾಕಿ ಮನಶ್ಯಾ ಇರಬೇಕು."

ಮೂವರಲ್ಲಿ ಜೋಕೆಯ ಮನುಷ್ಯರು ಯಾರೆಂಬುದರಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ. ಮಾವ ಜೀವನದಲ್ಲಿ ಒಂದು ಕೊಡೆಯನ್ನೂ ಕಳೆದುಕೊಂಡವರಲ್ಲ. ಹಾಳೆಯ ಕೆಳಗೆ, "ಪಾಸ್‌ಪೋರ್ಟ್: ಮಾವನ ಚೀಲ" ಎಂದು ಬರೆದು ಅಡಿಗೆರೆ ಹಾಕಿದೆ.

ಹಿರೇಕೆರೂರು

ಮಾವನದು ಹಿರೇಕೆರೂರಿನಲ್ಲಿ ಮೆಕ್ಕೆಜೋಳದ ಅಡತಿ ಅಂಗಡಿ. ಮನೆ ಹಾನಗಲ್‌ನಲ್ಲಿ. ಮೂವತ್ತು ವರ್ಷದಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾರೆ. ಅವರ ಒಪ್ಪಿಗೆ ಪಡೆಯಲು ಹಾಳೆ ಹಿಡಿದು ಅಂಗಡಿಗೆ ಹೋದೆ. ಕಾಳಿನ ಪೇಟೆಯೊಂದನ್ನು ಸೇರಿಸಿದರೆ ಉಳಿದದ್ದಕ್ಕೆ ತಕರಾರಿಲ್ಲ ಎಂದರು. ಸೇರಿಸಿದೆ.

ಸಂತೆಯ ದಿನವಾದ್ದರಿಂದ ಸಂಜೆ ಬಸ್ ನಿಲ್ದಾಣ ತುಂಬಿತ್ತು. ಬಸ್ಸು ಇನ್ನೂ ತಿರುಗಿಸಿಕೊಳ್ಳುತ್ತಿರುವಾಗಲೇ ಮಾವ ಅದರ ಜೊತೆ ಓಡಿ, ಹೆಗಲ ಮೇಲಿನ ಟವೆಲ್ಲನ್ನು ಕಿಟಕಿಯೊಳಗೆ ಎಸೆದರು. ಆಮೇಲೆ ಅವಸರವಿಲ್ಲದೆ ಬಂದು, ಕಬ್ಬಿನ ಹಾಲು ಕುಡಿದು, ಎಲ್ಲರೂ ಹತ್ತಿದ ಮೇಲೆ ಹತ್ತಿದರು. ಟವೆಲ್ಲಿದ್ದ ಕಿಟಕಿ ಪಕ್ಕದ ಸೀಟು ಖಾಲಿ ಇತ್ತು. ಸುತ್ತ ಹತ್ತು ಜನ ನಿಂತಿದ್ದರು. ಯಾರೂ ಅದನ್ನು ಮುಟ್ಟಿರಲಿಲ್ಲ. ನಮ್ಮ ಕಡೆ ಟವೆಲ್ ಎಂದರೆ ಮನುಷ್ಯನೇ. ಅದನ್ನು ಎತ್ತಿಟ್ಟು ಕೂತವನ ಕೂಡ ಜಗಳ ಶುರುವಾದರೆ ಊರು ಬರುವವರೆಗೆ ಮುಗಿಯುವುದಿಲ್ಲ.

ಇದನ್ನು ನಾನು ನೋಡಿದ್ದೆ. ಹಾಳೆಯಲ್ಲಿ ಬರೆದುಕೊಂಡಿರಲಿಲ್ಲ.

ಇಸ್ತಾಂಬುಲ್, ಮೊದಲ ದಿನ

ಖಾಜಾಸಾಬರ ಲೆಕ್ಕ ಸರಿಯಾಗಿತ್ತು. ವಿಮಾನ ನಿಲ್ದಾಣದಿಂದ ಹೋಟೆಲಿಗೆ ಹೋಗುವಷ್ಟರಲ್ಲಿ ನಮ್ಮಲ್ಲಾದರೆ ಶಿಗ್ಗಾಂವಿಯಿಂದ ಹಾನಗಲ್ ದಾಟುತ್ತಿದ್ದೆವು. ಅಲ್ಲಿ ಗುಡ್ಡ ಹತ್ತಿದರೂ ಇಳಿದರೂ ಮನೆಗಳೇ.

ಆ ಊರಿನವರು ದಿನವಿಡೀ ಸಣ್ಣ ಗಾಜಿನ ಲೋಟದಲ್ಲಿ ಹಾಲಿಲ್ಲದ ಚಹಾ ಕುಡಿಯುತ್ತಾರೆ. ಬೆಕ್ಕುಗಳನ್ನು ಮನೆಯ ಹಿರಿಯರಂತೆ ನಡೆಸಿಕೊಳ್ಳುತ್ತಾರೆ. ಹೋಟೆಲಿನ ಎದುರಿನ ಚಹಾದಂಗಡಿಯಲ್ಲಿ ನಾಲ್ಕು ಕುರ್ಚಿಗಳಿದ್ದವು. ಒಂದರ ಮೇಲೆ ಬೆಕ್ಕು ಮಲಗಿತ್ತು. ಇಬ್ಬರು ಗಿರಾಕಿಗಳು ನಿಂತೇ ಚಹಾ ಕುಡಿದು ಹೋದರು. ಅದನ್ನು ಎಬ್ಬಿಸುವ ಮಾತು ಯಾರಿಗೂ ಹೊಳೆಯಲಿಲ್ಲ. ಟ್ರಾಮಿನಲ್ಲಿ ಅಕ್ಕನ ಬಿಳಿ ಕೂದಲು ಕಂಡಿದ್ದೇ ತಡ, ಮೂವರು ಒಟ್ಟಿಗೆ ಎದ್ದರು.

"ಇಲ್ಲೆ ಸೀಟ ಹಿಡಿಯೂದ ಬ್ಯಾಡಲ್ಲ. ಅವರ ಕೊಡ್ತಾರ," ಎಂದು ಮಾವ ಸ್ವಲ್ಪ ಬೇಸರದಿಂದಲೇ ಹೇಳಿದರು.

ಮಸಾಲೆ ಪೇಟೆಯಲ್ಲಿ ಅವರು ಬೇರೆಯೇ ಮನುಷ್ಯರಾದರು. ಕಡಲೆಯ ಚೀಲದೊಳಗೆ ಮೊಣಕೈವರೆಗೆ ಕೈ ಇಳಿಸಿ, ತಳದಿಂದ ನಾಲ್ಕು ಕಾಳು ತೆಗೆದು, ಒಂದನ್ನು ಹಲ್ಲಿನಲ್ಲಿ ಕಡಿದು ಸದ್ದು ಕೇಳಿಸಿಕೊಂಡರು. ಕಾಳು ಒಣಗಿದೆಯೋ ಇಲ್ಲವೋ ಎಂದು ನೋಡುವ ಬಗೆ ಅದು. ಅಂಗಡಿಯವನು ಎದ್ದು ಬಂದ. ಗದರಿಸುತ್ತಾನೆಂದುಕೊಂಡೆ. ಅವನೂ ಒಂದು ಕಾಳು ಕಡಿದು, ತಲೆಯಾಡಿಸಿ, ಮಾವನಿಗೆ ಕುರ್ಚಿ ತರಿಸಿದ. ಭಾಷೆ ಇಲ್ಲದೆ ಅರ್ಧ ಗಂಟೆ ಇಬ್ಬರೂ ಕಾಳು ಕಡಿದರು. ನನ್ನ ಹಾಳೆಯಲ್ಲಿ ಪೇಟೆಗೆ ಹದಿನೈದು ನಿಮಿಷವಿತ್ತು.

ಕರಾಕೋಯ್

ಮರುದಿನ ಬೆಳಿಗ್ಗೆ ಪೆಟ್ಟಿಗೆಗಳನ್ನು ಹಡಗುಕಟ್ಟೆಯಲ್ಲಿ ಒಪ್ಪಿಸಿ, ಅಲ್ಲಿಂದ ನಡೆದುಹೋಗುವಷ್ಟು ಹತ್ತಿರದ ಫೆರ್ರಿ ದಡಕ್ಕೆ ಬಂದೆವು. ಕಡಲ ತೋಳಿನ ಸುತ್ತು ಬಾಕಿ ಇತ್ತು.

ಫೆರ್ರಿಗಳು ನಿಲ್ಲುವ ಬಾಗಿಲುಗಳು ಅಲ್ಲಿ ಒಂದಕ್ಕಿಂತ ಹೆಚ್ಚು. ಗೋಡೆಯ ಮೇಲೆ ಊರಿನ ದೊಡ್ಡ ನಕಾಶೆ. ಅಕ್ಕ ಅದರ ಮುಂದೆ ನಿಂತಳು. ಭೂಗೋಳದ ಶಿಕ್ಷಕಿ ನಕಾಶೆಯ ಮುಂದೆ ನಿಂತರೆ ಗಂಟೆ ಹೊಡೆಯಬೇಕು. ಅಷ್ಟರಲ್ಲಿ ಒಂದು ಫೆರ್ರಿ ಬಂದು ದಡಕ್ಕೆ ತಾಗಿತು. ಕಾದಿದ್ದ ಜನ ಒಟ್ಟಿಗೆ ಮುಂದೆ ಸರಿದರು.

ಆ ಸರಿದಾಟ ಮಾವನಿಗೆ ಗುರುತಿನದು. "ಬರ್ರಿ, ಬರ್ರಿ, ಲಾಂಚು ಬಂತು!" ಎಂದವರೇ ಜನರ ನಡುವೆ ನುಗ್ಗಿ ಮಾಯವಾದರು. ನಾನು ಒಳಬಾಗಿಲು ದಾಟಿ, ಅಕ್ಕನನ್ನು ಕರೆಯಲು ತಿರುಗಿದೆ. ಎರಡು ನಿಮಿಷದಲ್ಲಿ ಮಾವ ಫೆರ್ರಿಯಿಂದ ಹಲಗೆಯ ಮೇಲೆ ನಡೆದು ಮತ್ತೆ ದಡಕ್ಕೆ ಬಂದರು. ಮುಖದಲ್ಲಿ ಕೆಲಸ ಮುಗಿಸಿದ ಸಮಾಧಾನವಿತ್ತು. ಹೆಗಲ ಮೇಲೆ ಟವೆಲ್ ಇರಲಿಲ್ಲ. ಕೈಯಲ್ಲಿ ಚೀಲವೂ ಇರಲಿಲ್ಲ.

"ಕಿಡಕಿ ಬಾಜೂಕಿನ ಮೂರೂ ಸೀಟ ಹಿಡದೇನಿ," ಎಂದರು.

ಅವರ ಬೆನ್ನ ಹಿಂದೆ ಕೆಲಸದವನೊಬ್ಬ ಹಲಗೆ ಎಳೆದುಕೊಂಡ. ಫೆರ್ರಿ ದಡ ಬಿಟ್ಟಿತು.

"ಚೀಲ ಎಲ್ಲೈತಿ ಮಾವ?"

"ಟವೆಲ್ಲಿನ ಮ್ಯಾಲೆ. ಗಾಳಿಗೆ ಹಾರಬಾರದಲ್ಲ."

ನಡುವಿನ ನೀರು ಅಷ್ಟರಲ್ಲಿ ಎರಡು ಬಸ್ಸುಗಳಷ್ಟು ಅಗಲವಾಗಿತ್ತು. ಮಾವ ಕೈ ಎತ್ತಿ, "ಏ, ಹೋಲ್ಡಾನ್! ಹೋಲ್ಡಾನ್!" ಎಂದು ಕೂಗಿದರು. ಕಂಡಕ್ಟರ್ ಇದ್ದಿದ್ದರೆ ಸೀಟಿ ಹೊಡೆಯುತ್ತಿದ್ದ. ಫೆರ್ರಿಯ ಮೇಲಿದ್ದ ಒಂದಿಬ್ಬರು ಮಾವನಿಗೆ ಕೈಬೀಸಿ ವಿದಾಯ ಹೇಳಿದರು.

ಆಗ ಎರಡು ಸಂಗತಿ ಕಂಡವು. ಫೆರ್ರಿ ಅರ್ಧಕ್ಕಿಂತ ಹೆಚ್ಚು ಖಾಲಿ ಇತ್ತು. ಎರಡನೆಯದು, ಅದು ನಮ್ಮ ಹಾಳೆಯಲ್ಲಿದ್ದ ಫೆರ್ರಿಯಲ್ಲ. ಅದು ಆಚೆ ದಡದ ಕಾದಿಕೋಯ್‌ಗೆ ಹೋಗುವಂಥದ್ದು.

ಅಕ್ಕ ನಕಾಶೆ ಬಿಟ್ಟು ಬಂದಳು. ನಾನು ವಿಷಯ ಹೇಳಿದೆ.

"ಹಾನಗಲ್ ಬಸ್ ಅಂತ ತಿಳದ್ರೇನ್ರಿ?" ಎಂದಳು.

"ಮಂದಿ ಓಡಿದ್ರು. ನಾನೂ ಓಡಿದೆ."

"ಓಡಿದವರು ಅದರಾಗ ಕುಂತು ಹ್ವಾದ್ರು. ನೀವು ನಿಮ್ಮ ಟವೆಲ್ ಕಳಿಸಿದ್ರಿ."

ಸುದ್ದಿಮನೆಯಲ್ಲಿ ‘ವಾರಸುದಾರರಿಲ್ಲದ ಚೀಲ ಪತ್ತೆ’ ಎಂಬ ಶೀರ್ಷಿಕೆಯನ್ನು ನಾನು ಎಷ್ಟೋ ಸಲ ಬರೆದಿದ್ದೇನೆ. ಅದರ ಕೆಳಗೆ ಏನು ಬರುತ್ತದೆ ಎಂಬುದೂ ಗೊತ್ತು: ಸಂಚಾರ ಸ್ಥಗಿತ, ಶ್ವಾನದಳ, ಆತಂಕ. ಇದನ್ನು ಇಬ್ಬರಿಗೂ ಹೇಳದೆ ದಡದ ಗುಮಾಸ್ತನ ಕಿಟಕಿಗೆ ಹೋದೆ. ದಪ್ಪ ಮೀಸೆಯ ಮನುಷ್ಯ. ಫೋನಿನಲ್ಲಿ ಅವನ ಭಾಷೆಗೆ ತಿರುಗಿಸಿ ತೋರಿಸಿದೆ. ಅವನು ಓದಿ, ದೂರದಲ್ಲಿ ನಿಂತಿದ್ದ ಮಾವನನ್ನು ನೋಡಿ, ಮತ್ತೊಮ್ಮೆ ಓದಿದ. ಚೀಲವನ್ನು ಸೀಟಿನ ಮೇಲಿಟ್ಟು ಮನುಷ್ಯ ಕೆಳಗಿಳಿದದ್ದು ಯಾಕೆ ಎಂಬುದು ಯಾವ ಭಾಷೆಯಲ್ಲೂ ಅವನಿಗೆ ತಿಳಿಯಲಿಲ್ಲ. ಆದರೂ ಫೋನು ಎತ್ತಿದ. ಮಾತಾಡುವಾಗಲೇ ಇನ್ನೊಂದು ಕೈಯಿಂದ ನಮ್ಮ ಮೂವರಿಗೂ ಚಹಾ ತರಿಸಿದ. ಲೋಟ ಖಾಲಿಯಾಗುವ ಹೊತ್ತಿಗೆ ಉತ್ತರ ಬಂತು. ಚೀಲ ಸಿಕ್ಕಿದೆ, ಆಚೆ ದಡದ ಕಚೇರಿಯಲ್ಲಿದೆ. ಅಲ್ಲಿಂದ ಇಲ್ಲಿಗೆ ಕಳಿಸುವಂತಿಲ್ಲ. ವಾರಸುದಾರರೇ ಬಂದು ಗುರುತು ಹೇಳಬೇಕು.

ಗಂಟೆ ಹನ್ನೆರಡೂ ಹತ್ತು. ಮುಂದಿನ ಫೆರ್ರಿ ಹನ್ನೆರಡೂ ಇಪ್ಪತ್ತಕ್ಕೆ.

"ನಾ ಒಬ್ಬಾಂವ ಹೋಗಿ ಬರ್ತೇನಿ," ಎಂದರು ಮಾವ.

"ನಿಮ್ಮನ್ನ ಒಬ್ಬರನ್ನ ಕಳಿಸಿ ಆಮ್ಯಾಲೆ ನಿಮ್ಮನ್ನೂ ಹುಡಕಬೇಕೇನು? ನಡೀರಿ," ಎಂದಳು ಅಕ್ಕ.

ದಾಟುವಾಗ

ದಾಟಲು ಇಪ್ಪತ್ತೈದು ನಿಮಿಷ. ಮಾವ ಕೂರಲಿಲ್ಲ. ಇಳಿಯುವ ಬಾಗಿಲಿಗೆ ಮೊದಲೇ ಹೋಗಿ ನಿಂತರು. ಅಕ್ಕ ಕಿಟಕಿಯ ಪಕ್ಕ ಕುಳಿತಳು. ಎದುರಿನ ಹೆಂಗಸೊಬ್ಬಳು ಎಳ್ಳು ಹಚ್ಚಿದ ಬಳೆಯಂಥ ರೊಟ್ಟಿಯನ್ನು ಮುರಿದು ಕಡಲಹಕ್ಕಿಗಳಿಗೆ ಎಸೆಯುತ್ತಿದ್ದಳು. ಒಂದು ತುಂಡನ್ನು ಅಕ್ಕನಿಗೂ ಕೊಟ್ಟಳು. ಹಕ್ಕಿಗೆಂದು ಕೊಟ್ಟದ್ದೋ, ತಿನ್ನಲೆಂದೋ ತಿಳಿಯದೆ ಅಕ್ಕ ಅರ್ಧ ತಿಂದು ಅರ್ಧ ಎಸೆದಳು.

ನಡುನೀರಿಗೆ ಬಂದಾಗ ಅವಳು ಕೇಳಿದಳು: "ಗೆರಿ ಎಲ್ಲೈತಿ ಸುಮಾ?"

ಎರಡೂ ಕಡೆ ಒಂದೇ ಬಗೆಯ ಮನೆಗಳು, ಒಂದೇ ಬಗೆಯ ಗೋಪುರಗಳು. ನೀರು ಒಂದೇ ಬಣ್ಣ.

"ಇಲ್ಲೇ ಎಲ್ಲೋ ದಾಟಿರಬೇಕು."

"ಹುಡುಗರು ಡೊಂಕ ಹೊಡದ್ರ ಮಾರ್ಕ್ಸ್ ಕಡೀತಿದ್ದೆ," ಎಂದಳು. ಆಮೇಲೆ ಆಚೆ ದಡ ಮುಟ್ಟುವವರೆಗೆ ಹೊರಗೆ ನೋಡುತ್ತ ಕುಳಿತಳು. ನಾನು ಗಡಿಯಾರ ನೋಡುತ್ತ ಕುಳಿತೆ.

ಕಾದಿಕೋಯ್

ಕಚೇರಿಗೆ ಬೀಗ ಹಾಕಿತ್ತು. ಊಟದ ಹೊತ್ತು. ಕಿಟಕಿಯ ಗಾಜಿನಾಚೆ ಮೇಜಿನ ಮೇಲೆ ನಮ್ಮ ಹಳದಿ ಚೀಲ ಕಾಣುತ್ತಿತ್ತು. ಬೀಜದ ಕಂಪನಿಯೊಂದು ರೈತರಿಗೆ ಹಂಚಿದ ಚೀಲ ಅದು. ಮೇಲೆ ದೊಡ್ಡ ಮೆಕ್ಕೆಜೋಳದ ತೆನೆಯ ಚಿತ್ರ. ಆ ಊರಿನಲ್ಲಿ ಇನ್ನೊಂದು ಅಂಥದ್ದು ಇರಲಿಕ್ಕಿಲ್ಲ.

ಹನ್ನೆರಡೂ ಐವತ್ತು. ಒಂದು. ಒಂದೂ ಕಾಲು. ಮೂವರೂ ಬಾಗಿಲ ಎದುರಿನ ಕಲ್ಲಿನ ಬೆಂಚಿನ ಮೇಲೆ ಕುಳಿತಿದ್ದೆವು. ಮಾವ ಗಾಜಿನ ಮೇಲಿನ ಕಣ್ಣು ತೆಗೆಯಲಿಲ್ಲ.

"ನಿನ್ನ ಹಡಗ ನಾ ತಪ್ಪಿಸಿದೆ," ಎಂದರು.

ಅಕ್ಕ ಶಾಲು ಸರಿಮಾಡಿಕೊಂಡಳು.

"ಮೂವತ್ತು ವರ್ಷ ನನ್ನ ಒಬ್ಬಾವನ ಸೀಟ ಹಿಡದೇನಿ. ನಿನಗ ಅಂತ ಒಂದಾರ ಸೀಟ ಹಿಡದಿದ್ನೇನು? ಇವತ್ತ ಕಿಡಕಿ ಬಾಜೂಕ ನಿನಗ, ಅದರ ಬಾಜೂಕ ಸುಮಾಗ, ಕಡೀಕ ನಾನು. ಹಿಂಗ ಹಾಕಿ ಬಂದಿದ್ದೆ."

"ಹಿಡದದ್ದೇನೋ ಖರೆ. ಕುಂದ್ರಾಕ ಯಾರೂ ಇರಲಿಲ್ಲ," ಎಂದಳು ಅಕ್ಕ. ಧ್ವನಿ ಮೊದಲಿನಷ್ಟು ಗಡುಸಾಗಿರಲಿಲ್ಲ. ನೀರಿನ ಕಡೆ ತಿರುಗಿ, "ಹಡಗ ಹೋದ್ರ ಹೋಗ್ಲಿ. ಗೆರಿ ದಾಟಿದೆನಲ್ಲ," ಎಂದಳು.

ಆಚೆ ದಡವನ್ನು ಹಾಳೆಯಿಂದ ಹೊಡೆದುಹಾಕಿದ್ದು ನಾನು.

ಒಂದೂ ಇಪ್ಪತ್ತೈದಕ್ಕೆ ಅಧಿಕಾರಿ ಬಂದಳು. ನಡುವಯಸ್ಸಿನ ಹೆಂಗಸು, ಕತ್ತಿನಲ್ಲಿ ಕೀಲಿಗೊಂಚಲು. ಒಳಗೆ ಏನೇನಿದೆ ಎಂದು ಮಾವನನ್ನೇ ಕೇಳಿದಳು. ನಾನು ಫೋನಿಗೆ ಹೇಳುತ್ತಾ ಹೋದೆ: ಮೂರು ಪಾಸ್‌ಪೋರ್ಟು, ಅಕ್ಕನ ಬಿಪಿ ಗುಳಿಗೆ, ಓದುವ ಚಾಳೀಸು, ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಅವಳು ಒಂದೊಂದನ್ನೇ ತೆಗೆದು ಮೇಜಿನ ಮೇಲಿಟ್ಟಳು. ಕೆಂಪು ಪುಡಿಯ ಪೊಟ್ಟಣ ಬಂದಾಗ ಕೈ ನಿಂತಿತು. ಇದೇನು?

ವಿವರಣೆಗಿಂತ ಸಾಕ್ಷ್ಯ ಮೇಲೆಂದು ಮಾವ ಪೊಟ್ಟಣ ಬಿಚ್ಚಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಪೊಟ್ಟಣವನ್ನು ಅವಳ ಮುಂದೆ ಹಿಡಿದರು. ಅವಳು ಹಿಂಜರಿದು ನಾಲಿಗೆಗೆ ಮುಟ್ಟಿಸಿದಳು. ಕೆಮ್ಮಿದಳು. ಕಣ್ಣೊರೆಸಿಕೊಂಡಳು. ಆಮೇಲೆ ಇನ್ನೊಂದು ಚಿಟಿಕೆ ತೆಗೆದುಕೊಂಡಳು. ಪಾಸ್‌ಪೋರ್ಟಿನ ಚಿತ್ರಗಳನ್ನು ನಮ್ಮ ಮುಖಗಳ ಪಕ್ಕ ಹಿಡಿದು ನೋಡಿ, ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡಳು.

ಚೀಲ ಹೇಗೆ ಸಿಕ್ಕಿತೆಂದು ಕೇಳಿದೆ. ಅವಳು ಹೇಳಿದ್ದು ಇಷ್ಟು. ಮಾವ ಟವೆಲ್ ಹಾಸಿದ್ದನ್ನು ಎದುರು ಸೀಟಿನ ಮುದುಕರೊಬ್ಬರು ನೋಡಿದ್ದರು. ಇಷ್ಟು ನೀಟಾಗಿ ಹಾಸಿದವನು ಬಂದೇ ಬರುತ್ತಾನೆಂದು ದಾರಿಯುದ್ದಕ್ಕೂ ಆ ಮೂರು ಸೀಟುಗಳ ಮೇಲೆ ಯಾರನ್ನೂ ಕೂರಗೊಡಲಿಲ್ಲ. ದಡ ಬಂದ ಮೇಲೂ ಕೊನೆಯವರಾಗಿ ಇಳಿದು, ಚೀಲವನ್ನು ಇಲ್ಲಿ ಒಪ್ಪಿಸಿ ಹೋದರು.

ಮಾವ ಇದನ್ನು ಎರಡು ಸಲ ಹೇಳಿಸಿಕೊಂಡರು. "ನೋಡು, ಟವೆಲ್ಲಿನ ಮರ್ಯಾದಿ ಗೊತ್ತಿದ್ದ ಮನಶ್ಯಾ," ಎಂದರು. ನಂತರ ಅಧಿಕಾರಿಯ ಕಡೆ ತಿರುಗಿ, "ಮತ್ತ ಟವೆಲ್?" ಎಂದರು.

"ಪಾಸ್‌ಪೋರ್ಟ್ ಸಿಕ್ಕಾವು. ಟವೆಲ್ ಕೇಳ್ತೀರಿ!" ಎಂದು ಅಕ್ಕ ಅವರ ತೋಳು ಹಿಡಿದು ಎಳೆದಳು. ಟವೆಲ್ ಸಿಗಲಿಲ್ಲ. ಅದು ಫೆರ್ರಿಯಲ್ಲೇ ಉಳಿದಿದ್ದರೆ ಎರಡು ಖಂಡಗಳ ನಡುವೆ ಯಾರಿಗೋ ಸೀಟು ಹಿಡಿದುಕೊಂಡು ತಿರುಗುತ್ತಿರಬೇಕು.

ಎರಡೂ ಕಾಲರ ಫೆರ್ರಿಯಲ್ಲಿ ವಾಪಸು ಬಂದೆವು. ಸೀಟುಗಳು ಖಾಲಿ ಇದ್ದವು. ಮಾವ ಚೀಲವನ್ನು ಎರಡೂ ಕೈಯಿಂದ ಎದೆಗವಚಿಕೊಂಡು ನಿಂತೇ ಬಂದರು.

ಹಡಗು

ಹಡಗುಕಟ್ಟೆಯ ಬಾಗಿಲಲ್ಲಿ ಗಡಿಯಾರ ಎರಡೂ ನಲವತ್ತೊಂಬತ್ತು ತೋರಿಸುತ್ತಿತ್ತು. ತಪಾಸಣೆಯವನು ಮಾವನ ಪಾಸ್‌ಪೋರ್ಟ್ ಬಿಡಿಸಿದಾಗ ಹಾಳೆಗಳ ನಡುವಿನಿಂದ ಚಟ್ನಿಯ ಪುಡಿ ಉದುರಿತು. ಅವನು ಎರಡು ಸಲ ಸೀನಿ, ಮುದ್ರೆ ಒತ್ತಿದ. ನಾವು ಹತ್ತಿದೆವು.

ನಾಲ್ಕಕ್ಕೆ ಹಡಗು ಹೊರಡುವುದನ್ನು ನೋಡಲು ಮೇಲಂತಸ್ತಿಗೆ ಹೋದೆವು. ಹಡಗಿನ ಅಂಚಿನ ಕಟಾಂಜನದ ಉದ್ದಕ್ಕೂ ಒರಗಿ ಕೂರುವ ಕುರ್ಚಿಗಳ ಸಾಲು. ಅವುಗಳಲ್ಲಿ ಮನುಷ್ಯರು ಬೆರಳೆಣಿಕೆಯಷ್ಟು. ಉಳಿದ ಕುರ್ಚಿಗಳ ಮೇಲೆಲ್ಲ ಟವೆಲ್ಲುಗಳು. ನೀಲಿ, ಬಿಳಿ, ಪಟ್ಟೆಪಟ್ಟೆಯವು. ಗಾಳಿಗೆ ಹಾರದಂತೆ ಒಂದರ ಮೇಲೆ ಪುಸ್ತಕ, ಒಂದರ ಮೇಲೆ ಚಪ್ಪಲಿ, ಒಂದರ ಮೇಲೆ ಕೈಚೀಲ. ಅವುಗಳ ಒಡೆಯರು, ಯಾವ ಯಾವ ದೇಶದವರೋ, ಕೆಳಗೆ ಊಟ ಮಾಡುತ್ತಿದ್ದರು.

ಮಾವ ಸಾಲಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಿಧಾನವಾಗಿ ನೋಡಿದರು. ಅಕ್ಕನ ಕಡೆ ತಿರುಗಿದರು. ಹುಬ್ಬು ಏರಿಸಿದರು.

ಕೊನೆಯಲ್ಲಿ ಮೂರು ಕುರ್ಚಿಗಳು ಖಾಲಿ ಇದ್ದವು. ಮಾವನ ಕೈ ತಾನಾಗಿಯೇ ಹೆಗಲಿಗೆ ಹೋಗಿ, ಅಲ್ಲಿ ಏನೂ ಸಿಗದೆ ಇಳಿಯಿತು. ಅಕ್ಕ ತನ್ನ ಶಾಲು ತೆಗೆದು ಪಕ್ಕದ ಎರಡರ ಮೇಲೆ ಅಡ್ಡಲಾಗಿ ಹಾಸಿದಳು. ಕಟಾಂಜನದ ಪಕ್ಕದ ಮೂರನೆಯದರಲ್ಲಿ ತಾನು ಕುಳಿತಳು.

"ಹೋಗ್ರಿ, ಚಾ ತೊಗೊಂಡ್ ಬರ್ರಿ. ನಾ ಎದ್ದು ಹೋಗಂಗಿಲ್ಲ," ಎಂದಳು. "ಚೀಲ ಮಾತ್ರ ಇಲ್ಲೆ ಕೊಡ್ರಿ."